ಹಿರಿಯರ ಕ್ಯಾಮೆರಾ: ಬೆಲೆ ಕಟ್ಟುವ ಮುನ್ನ, ಬಿಚ್ಚುವ ಮುನ್ನ

ಹಿರಿಯರು ಬಿಟ್ಟುಹೋದ ಫಿಲ್ಮ್ ಕ್ಯಾಮೆರಾಕ್ಕೆ ಮೂರು ಬಗೆಯ ಬೆಲೆಗಳಿರುತ್ತವೆ. ಸಂಗ್ರಾಹಕನೊಬ್ಬ ಅದಕ್ಕೆ ಕೊಡಲು ಸಿದ್ಧನಿರುವ ಹಣ ಮೊದಲನೆಯದು. ಅದರಿಂದ ಇಂದಿಗೂ ಒಳ್ಳೆಯ ಚಿತ್ರ ತೆಗೆಯಬಹುದೆಂಬ ಉಪಯುಕ್ತತೆ ಎರಡನೆಯದು. ಅದು ಯಾರ ಕೈಯಲ್ಲಿತ್ತು, ಯಾವ ಕಾಲವನ್ನು, ಯಾವ ಮುಖಗಳನ್ನು ದಾಖಲಿಸಿತು ಎಂಬ ಚರಿತ್ರೆ ಮೂರನೆಯದು. ಈ ಮೂರೂ ಒಂದೇ ಯಂತ್ರದೊಳಗೆ ಅಡಕವಾಗಿರುವುದರಿಂದ ಒಂದನ್ನು ಹೆಚ್ಚಿಸಲು ಹೊರಟವರು ತಿಳಿಯದೆಯೇ ಇನ್ನೊಂದನ್ನು ಕೆಡಿಸುವುದುಂಟು: ಹೊಳಪು ಬರಲೆಂದು ಹಳೆಯ ಬಣ್ಣವನ್ನು ಉಜ್ಜಿ ತೆಗೆದಾಗ ಸಂಗ್ರಹಯೋಗ್ಯತೆ ಕುಸಿಯುತ್ತದೆ; ಒಳಗೇನಿದೆ ಎಂದು ನೋಡಲು ಹಿಂಬಾಗಿಲು ತೆರೆದಾಗ ಅರ್ಧ ಶತಮಾನದಿಂದ ಕಾದಿದ್ದ ಫಿಲ್ಮ್ ಒಂದು ಕ್ಷಣದಲ್ಲಿ ಬೆಳಕಿಗೆ ಬಲಿಯಾಗುತ್ತದೆ. ಆದುದರಿಂದ ಇಂಥ ಕ್ಯಾಮೆರಾ ಕೈಗೆ ಬಂದಾಗ ಮೊದಲು ದಾಖಲಿಸುವುದು, ಅನಂತರ ಹಾಳಾಗುವುದನ್ನು ತಡೆಯುವುದು, ಆಮೇಲೆ ಬೆಲೆ ತಿಳಿಯುವುದು, ಕೊನೆಯಲ್ಲಿ ಅಗತ್ಯವಿದ್ದಷ್ಟೇ ದುರಸ್ತಿ ಮಾಡಿಸುವುದು ಎಂಬ ಅನುಕ್ರಮವನ್ನು ಪಾಲಿಸುವುದು ಶ್ರೇಯಸ್ಕರ.

ಈ ವಿಷಯವನ್ನು ಅರಿಯಲು ಭಾರತದಲ್ಲಿ ಕೋಲ್ಕತ್ತಾಕ್ಕಿಂತ ತಕ್ಕ ಊರು ಇನ್ನೊಂದಿಲ್ಲ. ಛಾಯಾಗ್ರಹಣ ಈ ದೇಶದಲ್ಲಿ ಬಹು ಮುಂಚೆ ಬೇರೂರಿದ ನಗರ ಅದು. ಕ್ಯಾಮೆರಾಗಳನ್ನು ಕೊಳ್ಳುವ, ಮಾರುವ, ರಿಪೇರಿ ಮಾಡುವ ಬೀದಿ ಇಂದಿಗೂ ಅಲ್ಲಿದೆ. ಮನೆತನಗಳ ವಸ್ತುಗಳು ಹರಾಜಿಗೆ ಬರುವ ಹಳೆಯ ಸಂಪ್ರದಾಯ ಅಲ್ಲಿ ಉಳಿದಿದೆ. ಜೊತೆಗೆ ಹಳೆಯ ಮಸೂರಗಳ ಪರಮ ಶತ್ರುವಾದ ತೇವವೂ ಅಲ್ಲಿ ವರ್ಷದ ಬಹುಭಾಗ ಮನೆಮಾಡಿರುತ್ತದೆ.

ಮನೆಗಳಿಗೆ ಕ್ಯಾಮೆರಾ ಬಂದ ಬಗೆ

ಫ್ರಾನ್ಸಿನಲ್ಲಿ ಡಾಗೇರ್ ತನ್ನ ಛಾಯಾಗ್ರಹಣ ವಿಧಾನವನ್ನು 1839ರಲ್ಲಿ ಲೋಕಕ್ಕೆ ತಿಳಿಸಿದ ಮೇಲೆ ಎರಡು ದಶಕ ಕಳೆಯುವ ಮುನ್ನವೇ, 1856ರಲ್ಲಿ, ಅಂದಿನ ಕಲ್ಕತ್ತಾದಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಆಫ್ ಬೆಂಗಾಲ್ ಸ್ಥಾಪನೆಯಾಯಿತು. ವಿದ್ವಾಂಸ ರಾಜೇಂದ್ರಲಾಲ್ ಮಿತ್ರ ಅದರ ಆರಂಭಕಾಲದ ಪದಾಧಿಕಾರಿಗಳಲ್ಲಿ ಒಬ್ಬರಾಗಿದ್ದರು. ಸ್ಯಾಮ್ಯುಯೆಲ್ ಬೋರ್ನ್ ಮತ್ತು ಚಾರ್ಲ್ಸ್ ಶೆಫರ್ಡ್ ಅವರ ಹೆಸರು ಹೊತ್ತ ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೊ 1860ರ ದಶಕದಿಂದ ನಗರದಲ್ಲಿ ನೆಲೆನಿಂತು, 2016ರಲ್ಲಿ ಬಾಗಿಲು ಮುಚ್ಚುವವರೆಗೆ ಜಗತ್ತಿನ ಅತಿ ದೀರ್ಘಕಾಲ ನಡೆದ ಸ್ಟುಡಿಯೊಗಳ ಸಾಲಿನಲ್ಲಿತ್ತು. ಲೇಖಕ ಸುಕುಮಾರ್ ರಾಯ್ ಲಂಡನ್ನಿನಲ್ಲಿ ಮುದ್ರಣ ಮತ್ತು ಛಾಯಾಗ್ರಹಣ ತಂತ್ರಗಳನ್ನು ಕಲಿತು ಬಂದವರು, ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯ ಫೆಲೋ ಗೌರವ ಪಡೆದವರು. ಅವರ ಮಗ ಸತ್ಯಜಿತ್ ರಾಯ್ ಕ್ಯಾಮೆರಾದ ಕಣ್ಣಿನಿಂದಲೇ ಲೋಕಪ್ರಸಿದ್ಧರಾದರು. ಸಾಮಾನ್ಯ ಮಧ್ಯಮವರ್ಗದ ಮನೆಗಳಲ್ಲಿಯೂ ಕ್ಯಾಮೆರಾ ಹೇಗೆ ಹವ್ಯಾಸವಾಗಿ ಬೆಳೆಯಿತೆಂಬುದನ್ನು ಎಂಜಿನಿಯರ್ ಹಾಗೂ ಲೇಖಕ ಸಿದ್ಧಾರ್ಥ ಘೋಷ್ ಅವರು 1988ರಲ್ಲಿ ಪ್ರಕಟವಾದ ‘ಛೋಬಿ ತೋಲಾ’ ಎಂಬ ಬಂಗಾಳಿ ಗ್ರಂಥದಲ್ಲಿ ಶ್ರಮವಹಿಸಿ ದಾಖಲಿಸಿದ್ದಾರೆ.

ಈ ಹವ್ಯಾಸ ಗಂಡಸರಿಗೆ ಮಾತ್ರ ಸೀಮಿತವಾಗಿರಲಿಲ್ಲವೆಂಬುದನ್ನು ಹಳೆಯ ಕ್ಯಾಮೆರಾವೊಂದರ ಮೂಲವನ್ನು ಹುಡುಕುವವರು ನೆನಪಿಡಬೇಕು. 1919ರಲ್ಲಿ ಹುಟ್ಟಿದ ಅವಳಿ ಸಹೋದರಿಯರಾದ ಮನೋಬೀನಾ ಮತ್ತು ದೇಬಲೀನಾ ಅವರಿಗೆ ಹನ್ನೆರಡನೆಯ ವಯಸ್ಸಿನಲ್ಲಿ ತಂದೆಯೇ ಒಂದೊಂದು ಸರಳ ಕ್ಯಾಮೆರಾ ಕೊಡಿಸಿದ್ದರು. ಮುಂದೆ ಮನೋಬೀನಾ ಚಿತ್ರನಿರ್ದೇಶಕ ಬಿಮಲ್ ರಾಯ್ ಅವರನ್ನು ಮದುವೆಯಾದರು, ಸಹೋದರಿಯರಿಬ್ಬರೂ ಜೀವನವಿಡೀ ಛಾಯಾಚಿತ್ರ ತೆಗೆದರು. ಕಪಾಟಿನಲ್ಲಿ ಸಿಕ್ಕ ಕ್ಯಾಮೆರಾ ಅಜ್ಜನದೆಂದು ಊಹಿಸುವ ಮುನ್ನ ಅಜ್ಜಿಯ ಹೆಸರನ್ನೂ ವಿಚಾರಿಸುವುದು ಚರಿತ್ರೆಗೆ ಸಲ್ಲಬೇಕಾದ ನ್ಯಾಯ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ವಿದೇಶಿ ವಿನಿಮಯದ ಕೊರತೆಯಿಂದ ಆಮದಿನ ಮೇಲೆ ಬಿಗಿಯಾದ ನಿರ್ಬಂಧಗಳಿದ್ದವು. ಹೀಗಾಗಿ ಜರ್ಮನಿಯ ಅಥವಾ ಜಪಾನಿನ ಒಳ್ಳೆಯ ಕ್ಯಾಮೆರಾ ಮನೆಗೆ ಬರುತ್ತಿದ್ದುದು ಬಹುಪಾಲು ಪರದೇಶಕ್ಕೆ ಹೋಗಿಬಂದ ಬಂಧುಗಳ ಪೆಟ್ಟಿಗೆಯಲ್ಲಿ ಅಥವಾ ಕೈಯಿಂದ ಕೈಗೆ ದಾಟಿದ ಹಳೆಯ ಸರಕಾಗಿ. ಒಂದು ಕ್ಯಾಮೆರಾವನ್ನು ಎಸೆಯದೆ ಎರಡು ಮೂರು ತಲೆಮಾರು ರಿಪೇರಿ ಮಾಡಿಸಿ ಬಳಸುವ ರೂಢಿ ಬೆಳೆದುದು ಈ ಅಭಾವದಿಂದಲೇ. ದೇಶದೊಳಗೆ ತಯಾರಾದವೂ ಇದ್ದವು: ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸಿದ ಆಗ್ಫಾ ಕ್ಲಿಕ್ 3 ಲಕ್ಷಾಂತರ ಭಾರತೀಯರಿಗೆ ಪರಿಚಿತ, ಕೇರಳದ ಆಲಪ್ಪುಳದಲ್ಲಿ ಕೆ. ಕರುಣಾಕರನ್ ನಿರ್ಮಿಸಿದ ವಾಗೀಶ್ವರಿ ಎಂಬ ಮರದ ಕ್ಯಾಮೆರಾ ಸ್ಟುಡಿಯೊಗಳಲ್ಲಿ ಹೆಸರುವಾಸಿಯಾಗಿತ್ತು. ನೀಲಗಿರಿಯ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಎಂಬ ಹೆಸರಿನ ಫಿಲ್ಮ್ ಒದಗಿಸುತ್ತಿತ್ತು.

ಕೋಲ್ಕತ್ತಾದ ಪಾಲು ಇಲ್ಲಿ ವಿಶಿಷ್ಟವಾದುದು. ಭಾರತದ ಭೂಮಾಪನಕ್ಕೆ ಬೇಕಾದ ಉಪಕರಣಗಳನ್ನು ತಯಾರಿಸಿ ದುರಸ್ತಿ ಮಾಡಲೆಂದು 1830ರಲ್ಲಿ ಆರಂಭವಾದ ಮ್ಯಾಥಮ್ಯಾಟಿಕಲ್ ಇನ್‌ಸ್ಟ್ರುಮೆಂಟ್ ಆಫೀಸಿಗೆ ಇಂಗ್ಲೆಂಡಿನಿಂದ ಬಂದ ಹೆನ್ರಿ ಬ್ಯಾರೋ ಮೊದಲ ಮುಖ್ಯಸ್ಥನಾದರೆ, ಅವನ ಅನಂತರ ಆ ಹೊಣೆ ಹೊತ್ತವರು ದಕ್ಷಿಣದ ಆರ್ಕಾಟಿನಿಂದ ಹೋದ ಸಯ್ಯದ್ ಮೀರ್ ಮೊಹ್ಸಿನ್ ಹುಸೇನ್. ಥಿಯೊಡೊಲೈಟ್ ಎಂಬ ಕೋನಮಾಪಕ ಯಂತ್ರಗಳನ್ನು ಪುನರ್ನಿರ್ಮಿಸಿದ ಅವರ ಕೈಚಳಕವನ್ನು ಭೂಮಾಪನದ ಮುಖ್ಯಸ್ಥ ಜಾರ್ಜ್ ಎವರೆಸ್ಟ್ ಬಹುವಾಗಿ ಮೆಚ್ಚಿದ್ದ. ಅದೇ ಸಂಸ್ಥೆ 1957ರಲ್ಲಿ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಲಿಮಿಟೆಡ್ ಎಂಬ ಸಾರ್ವಜನಿಕ ಉದ್ಯಮವಾಗಿ, ಜಾದವಪುರದ ತನ್ನ ಕಾರ್ಖಾನೆಯಲ್ಲಿ ದೃಗುಪಕರಣಗಳ ಜೊತೆಗೆ ‘ನ್ಯಾಷನಲ್ 35’ ಎಂಬ 35 ಮಿ.ಮೀ. ಕ್ಯಾಮೆರಾವನ್ನೂ ಹೊರತಂದಿತು. ಕಾರ್ಖಾನೆ ನಿಂತ ಮೇಲೆ ಆ ಆವರಣ ಜಾದವಪುರ ವಿಶ್ವವಿದ್ಯಾಲಯದ ಪಾಲಾಯಿತು. ಹೀಗೆ ಸೂಕ್ಷ್ಮ ಯಂತ್ರಗಳನ್ನು ಬಿಚ್ಚಿ, ಅರಿತು, ಮತ್ತೆ ಜೋಡಿಸುವ ವಿದ್ಯೆಗೆ ಈ ನಗರದಲ್ಲಿ ಸುಮಾರು ಎರಡು ಶತಮಾನಗಳ ಹಿನ್ನೆಲೆಯಿದೆ.

ಮೊದಲು ದಾಖಲೆ

ಹಳೆಯ ಕ್ಯಾಮೆರಾ ಸಿಕ್ಕ ಕೂಡಲೇ ಹಿಂಬಾಗಿಲನ್ನು ತೆರೆಯಬಾರದು. ಒಳಗೆ ಫಿಲ್ಮ್ ಇರಬಹುದು. ಕಪ್ಪು ಬಿಳುಪಿನ ಫಿಲ್ಮ್ ಆಗಿದ್ದರೆ ಹಲವು ದಶಕಗಳ ಮೇಲೂ ಅದನ್ನು ಸಂಸ್ಕರಿಸಿ ಚಿತ್ರ ಪಡೆಯುವ ಸಾಧ್ಯತೆಯಿದೆ. 35 ಮಿ.ಮೀ. ಕ್ಯಾಮೆರಾದಲ್ಲಿ ಫಿಲ್ಮನ್ನು ಹಿಂದಕ್ಕೆ ಸುತ್ತುವ ಗುಬುಟನ್ನು ಮೆಲ್ಲಗೆ ತಿರುಗಿಸಿದಾಗ ಬಿಗಿತ ಕಂಡರೆ ಫಿಲ್ಮ್ ಇದೆಯೆಂದು ತಿಳಿಯಬೇಕು. ಕ್ಯಾಮೆರಾದ ಬೆನ್ನಿನಲ್ಲಿ ಸಣ್ಣ ಕೆಂಪು ಕಿಟಕಿಯಿದ್ದರೆ ಅದರ ಮೂಲಕ ಕಾಣುವ ಅಂಕಿಯೂ ಅದನ್ನೇ ಹೇಳುತ್ತದೆ. ಕೊಡಾಕ್ರೋಮ್ ಸುರುಳಿ ಸಿಕ್ಕರೆ ಅದರ ವರ್ಣಸಂಸ್ಕರಣೆ 2010ರ ಕೊನೆಗೆ ಜಗತ್ತಿನಾದ್ಯಂತ ನಿಂತುಹೋದುದರಿಂದ ಇನ್ನು ಕಪ್ಪು ಬಿಳುಪಿನಲ್ಲಿ ಮಾತ್ರ ಅದರ ಚಿತ್ರಗಳನ್ನು ಹೊರತೆಗೆಯಲು ಸಾಧ್ಯ.

ಅನಂತರ ಕ್ಯಾಮೆರಾದ ಆರೂ ಮಗ್ಗುಲುಗಳ ಚಿತ್ರ ತೆಗೆದು, ಒಡಲಿನ ಮತ್ತು ಮಸೂರದ ಕ್ರಮಸಂಖ್ಯೆಗಳನ್ನು ಬರೆದಿಟ್ಟು, ಜೊತೆಗೆ ಸಿಕ್ಕ ಚರ್ಮದ ಚೀಲ, ಮಸೂರದ ಮುಚ್ಚಳ, ಫಿಲ್ಟರ್, ಕೈಪಿಡಿ, ಅಂಗಡಿಯ ರಶೀದಿ, ಫಿಲ್ಮ್ ಡಬ್ಬಿ ಇವೆಲ್ಲವನ್ನೂ ಒಂದೆಡೆ ಇಡಬೇಕು. ಹರಿದ ರಶೀದಿಯೊಂದು ಕೊಂಡ ವರ್ಷವನ್ನೂ ಊರನ್ನೂ ಹೇಳುವುದರಿಂದ ಅದನ್ನು ಕಸವೆಂದು ಎಸೆದವರು ಕ್ಯಾಮೆರಾದ ಜನ್ಮಪತ್ರಿಕೆಯನ್ನೇ ಎಸೆದಂತೆ. ಕ್ಯಾಮೆರಾವನ್ನು ಬಳಸಿದವರು ಅಥವಾ ಬಳಸುವುದನ್ನು ಕಂಡವರು ಬದುಕಿದ್ದರೆ ಅವರ ನೆನಪನ್ನು ಧ್ವನಿಮುದ್ರಿಸಿಕೊಳ್ಳುವುದಕ್ಕೆ ತಡಮಾಡಬಾರದು.

ಕ್ಯಾಮೆರಾಕ್ಕಿಂತ ಅದರ ನೆಗೆಟಿವ್‌ಗಳೇ ಅನೇಕ ವೇಳೆ ಹೆಚ್ಚು ಬೆಲೆಬಾಳುತ್ತವೆ. ಬೋರ್ನ್ ಅಂಡ್ ಶೆಫರ್ಡ್ ಸ್ಟುಡಿಯೊಗೆ 1991ರಲ್ಲಿ ಬೆಂಕಿ ತಗುಲಿ ಅಪಾರ ನೆಗೆಟಿವ್ ಸಂಗ್ರಹ ನಾಶವಾದಾಗ ಕಳೆದುಹೋದುದು ಯಂತ್ರಗಳಿಂದ ಮರಳಿ ಪಡೆಯಲಾಗದ ಸಂಪತ್ತು. 1950ರ ದಶಕದ ಆರಂಭದವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಸುಲಭವಾಗಿ ಹೊತ್ತಿಕೊಳ್ಳುವಂಥದು. ಅನಂತರದ ಅಸಿಟೇಟ್ ಫಿಲ್ಮ್ ಕೆಡತೊಡಗಿದಾಗ ವಿನೆಗರಿನ ಹುಳಿವಾಸನೆ ಬರುತ್ತದೆ. ಇಂಥವನ್ನು ಒಳ್ಳೆಯ ನೆಗೆಟಿವ್‌ಗಳಿಂದ ಬೇರ್ಪಡಿಸಿ, ತಂಪಾದ ಜಾಗದಲ್ಲಿರಿಸಿ, ಬೇಗನೆ ಡಿಜಿಟಲ್ ಪ್ರತಿ ಮಾಡಿಸಬೇಕು. ಕೋಲ್ಕತ್ತಾದ ಸೆಂಟರ್ ಫಾರ್ ಸ್ಟಡೀಸ್ ಇನ್ ಸೋಷಿಯಲ್ ಸೈನ್ಸಸ್ ಸಂಸ್ಥೆ ಹಿತೇಶ್‌ರಂಜನ್ ಸಾನ್ಯಾಲ್ ಸ್ಮಾರಕ ಸಂಗ್ರಹದ ಮೂಲಕ ಬಂಗಾಳದ ದೃಶ್ಯದಾಖಲೆಗಳನ್ನು ಉಳಿಸುವ ಕೆಲಸ ಮಾಡಿದೆ. ಮನೆಯ ಆಲ್ಬಮ್ಮಿನ ಚಿತ್ರಗಳೂ ಒಂದು ನಾಡಿನ ಚರಿತ್ರೆಗೆ ಆಕರವಾಗಬಲ್ಲವೆಂಬುದಕ್ಕೆ ಅಂಥ ಸಂಗ್ರಹಗಳೇ ಸಾಕ್ಷಿ.

ಯಂತ್ರದ ಗುರುತು ಮತ್ತು ವಯಸ್ಸು

ಕ್ಯಾಮೆರಾದ ವಯಸ್ಸನ್ನು ಅದರ ಮೈಮೇಲಿನ ಗುರುತುಗಳೇ ಹೇಳುತ್ತವೆ. ಶಟರ್ ಎಂದರೆ ಫಿಲ್ಮಿನ ಮೇಲೆ ಎಷ್ಟು ಹೊತ್ತು ಬೆಳಕು ಬೀಳಬೇಕೆಂಬುದನ್ನು ನಿಯಂತ್ರಿಸುವ ಭಾಗ. ಅದರ ವೇಗಗಳು 1/25, 1/50, 1/100 ಎಂಬ ಹಳೆಯ ಶ್ರೇಣಿಯಲ್ಲಿದ್ದರೆ ಕ್ಯಾಮೆರಾ ಸಾಮಾನ್ಯವಾಗಿ 1950ರ ದಶಕಕ್ಕೆ ಅಥವಾ ಅದಕ್ಕೂ ಹಿಂದಕ್ಕೆ ಸೇರಿದ್ದು, 1/30, 1/60, 1/125 ಎಂದಿದ್ದರೆ ಅನಂತರದ್ದು. ಮಸೂರದ ಮೇಲೆ ನೀಲಿ ಅಥವಾ ನೇರಳೆ ಛಾಯೆ ಕಂಡರೆ ಅದು ಪ್ರತಿಫಲನ ತಗ್ಗಿಸುವ ಲೇಪನ; ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲ 1935ರಲ್ಲಿ ರೂಪಿಸಿದ ಈ ತಂತ್ರ ಎರಡನೆಯ ಮಹಾಯುದ್ಧದ ಬಳಿಕವೇ ಸಾಮಾನ್ಯ ಕ್ಯಾಮೆರಾಗಳಿಗೆ ಬಂತು. ‘ಆಕ್ರಮಿತ ಜಪಾನಿನಲ್ಲಿ ತಯಾರಾದುದು’ ಎಂಬ ಅರ್ಥದ ಇಂಗ್ಲಿಷ್ ಮುದ್ರೆಯಿದ್ದರೆ ಅದು ಯುದ್ಧಾನಂತರದಿಂದ 1952ರವರೆಗಿನ ಅಲ್ಪಾವಧಿಯದು.

ಕ್ಯಾಮೆರಾ ಬೇಡುವ ಫಿಲ್ಮಿನ ಅಳತೆ ಅದರ ಉಪಯುಕ್ತತೆಯನ್ನು ನಿರ್ಧರಿಸುತ್ತದೆ. ಕೊಡಾಕ್ 1901ರಲ್ಲಿ ತಂದ 120 ಅಳತೆಯ ಸುರುಳಿಯೂ 1934ರಲ್ಲಿ ತಂದ 35 ಮಿ.ಮೀ. ಡಬ್ಬಿಯೂ ಇಂದಿಗೂ ಸಿಗುತ್ತವೆ. ಆದುದರಿಂದ ಆಗ್ಫಾ ಕ್ಲಿಕ್, ರೋಲಿಫ್ಲೆಕ್ಸ್, ಯಾಶಿಕಾಮ್ಯಾಟ್ ಮೊದಲಾದವು ಈಗಲೂ ದುಡಿಯಬಲ್ಲವು. 620 ಅಳತೆಯಲ್ಲಿ ಫಿಲ್ಮಿನ ಅಗಲ 120ರಷ್ಟೇ ಇದ್ದು ಸುರುಳಿಯ ಗಾಲಿ ಮಾತ್ರ ಸಣ್ಣದಾಗಿರುವುದರಿಂದ, ಹಳೆಯ ಗಾಲಿಯನ್ನು ಉಳಿಸಿಕೊಂಡವರು ಕತ್ತಲೆಯಲ್ಲಿ 120ರ ಫಿಲ್ಮನ್ನು ಅದಕ್ಕೆ ಸುತ್ತಿ ಬಳಸಬಹುದು. 116, 616 ಮುಂತಾದ ಅಳತೆಗಳ ತಯಾರಿಕೆ ನಿಂತುಹೋಗಿ ದಶಕಗಳೇ ಕಳೆದಿರುವುದರಿಂದ ಅಂಥವುಗಳ ಮುಖ್ಯ ಮೌಲ್ಯ ಪ್ರದರ್ಶನ ಮತ್ತು ನೆನಪಿಗೆ ಸಂಬಂಧಿಸಿದುದು.

ಮೋಸದ ಬಗ್ಗೆಯೂ ಎಚ್ಚರ ಬೇಕು. ಉಕ್ರೇನಿನ ಖಾರ್ಕಿವ್‌ನಲ್ಲಿ 1934ರಿಂದ ತಯಾರಾದ ಫೆಡ್ ಮತ್ತು ಮಾಸ್ಕೋ ಬಳಿ 1948ರಿಂದ ತಯಾರಾದ ಜೋರ್ಕಿ, ಜರ್ಮನಿಯ ಲೈಕಾ ಕ್ಯಾಮೆರಾದ ಸೋವಿಯತ್ ಅನುಕರಣೆಗಳು; ತಮ್ಮಷ್ಟಕ್ಕೆ ಒಳ್ಳೆಯವೇ ಆದ ಇವುಗಳ ಮೇಲಿನ ಹೆಸರನ್ನು ಅಳಿಸಿ ‘ಲೈಕಾ’ ಎಂದು ಕೆತ್ತಿ, ಚಿನ್ನದ ಲೇಪ ಕೊಟ್ಟು, ಯುದ್ಧಕಾಲದ ಅಪರೂಪದ ಮಾದರಿಯೆಂದು ಮಾರುವ ದಂಧೆ ಜಗತ್ತಿನೆಲ್ಲೆಡೆ ಇದೆ. ಮಸೂರವನ್ನು ಬಿಚ್ಚಿ ಒಳಗೆ ನೋಡಿದರೆ ಗುಟ್ಟು ಬಯಲಾಗುತ್ತದೆ: ದೂರಮಾಪಕಕ್ಕೆ ತಾಗುವ ತುದಿ ಲೈಕಾದಲ್ಲಿ ಉರುಳುವ ಪುಟ್ಟ ಚಕ್ರವಾಗಿದ್ದರೆ ಈ ಅನುಕರಣೆಗಳಲ್ಲಿ ನಾಲಿಗೆಯಾಕಾರದ ಲೋಹದ ತುಂಡಾಗಿರುತ್ತದೆ.

ಬೆಲೆ ಹುಟ್ಟುವ ಬಗೆ

ಹಳೆಯದೆಲ್ಲ ಅಮೂಲ್ಯವೆಂಬ ನಂಬಿಕೆ ಸರಿಯಲ್ಲ. 1900ರಲ್ಲಿ ಒಂದು ಡಾಲರಿಗೆ ಮಾರಾಟಕ್ಕೆ ಬಂದ ಕೊಡಾಕ್ ಬ್ರೌನಿಯ ವಂಶದ ಡಬ್ಬಿ ಕ್ಯಾಮೆರಾಗಳು ನೂರು ವರ್ಷ ಕಂಡಿದ್ದರೂ ಅಪಾರ ಸಂಖ್ಯೆಯಲ್ಲಿ ತಯಾರಾದುದರಿಂದ ಅವುಗಳಿಗೆ ದೊಡ್ಡ ಬೆಲೆಯಿಲ್ಲ. ಬೆಲೆಯನ್ನು ನಿರ್ಧರಿಸುವುದು ವಯಸ್ಸಿಗಿಂತ ಹೆಚ್ಚಾಗಿ ತಯಾರಾದ ಸಂಖ್ಯೆ, ಮೂಲರೂಪ ಎಷ್ಟು ಉಳಿದಿದೆ ಎಂಬುದು, ಮಸೂರದ ಸ್ಥಿತಿ, ಇಂದಿನ ಬಳಕೆದಾರರ ಬೇಡಿಕೆ ಮತ್ತು ಒಡೆತನದ ದಾಖಲೆ. ಹಳೆಯ ಮಸೂರಗಳನ್ನು ಹೊಸ ಡಿಜಿಟಲ್ ಕ್ಯಾಮೆರಾಗಳಿಗೆ ಜೋಡಿಸುವ ಅಡಾಪ್ಟರುಗಳು ಬಂದ ಮೇಲೆ ಕೆಲವು ಕ್ಯಾಮೆರಾಗಳ ವಿಷಯದಲ್ಲಿ ಒಡಲಿಗಿಂತ ಮಸೂರಕ್ಕೇ ಹೆಚ್ಚು ಬೆಲೆ ಬಂದಿದೆ.

ಒಡೆತನದ ದಾಖಲೆ ಎಷ್ಟು ದೂರ ಕೊಂಡೊಯ್ಯಬಲ್ಲದೆಂಬುದಕ್ಕೆ 2022ರ ಜೂನ್‌ನಲ್ಲಿ ಲೈಟ್ಜ್ ಫೋಟೋಗ್ರಾಫಿಕಾ ಹರಾಜಿನಲ್ಲಿ 1.44 ಕೋಟಿ ಯೂರೋಗೆ ಮಾರಾಟವಾದ ಲೈಕಾ ಸೊನ್ನೆ ಸರಣಿಯ 105ನೆಯ ಕ್ಯಾಮೆರಾವೇ ದೊಡ್ಡ ನಿದರ್ಶನ. 1920ರ ದಶಕದ ಆರಂಭದಲ್ಲಿ ಪ್ರಯೋಗಾರ್ಥವಾಗಿ ತಯಾರಾದ ಇಪ್ಪತ್ತಕ್ಕೂ ತುಸು ಹೆಚ್ಚಿನ ಕ್ಯಾಮೆರಾಗಳಲ್ಲಿ ಅದೊಂದು ಎಂಬುದರಿಂದಲೇ ಅದು ಅಪರೂಪ. ಆದರೆ ಅದೇ ಸರಣಿಯ ಇನ್ನೊಂದು ಕ್ಯಾಮೆರಾ 2018ರಲ್ಲಿ 24 ಲಕ್ಷ ಯೂರೋಗೆ ಮಾರಾಟವಾಗಿತ್ತೆಂಬುದನ್ನು ಗಮನಿಸಿದರೆ, ಲೈಕಾದ ಜನಕ ಆಸ್ಕರ್ ಬಾರ್ನಾಕ್ ಸ್ವತಃ ಬಳಸಿದ್ದ, ಅವನ ಹೆಸರು ಕೆತ್ತಿದ್ದ ಯಂತ್ರವೆಂಬ ಖಾತ್ರಿಯೇ ಈ ಅಗಾಧ ಅಂತರಕ್ಕೆ ಕಾರಣವೆಂಬುದು ಸ್ಪಷ್ಟವಾಗುತ್ತದೆ.

ಕೋಲ್ಕತ್ತಾದ್ದೇ ಆದ ಉದಾಹರಣೆ ಇನ್ನೂ ಹೃದಯಂಗಮವಾದುದು. ರಂಗನಟರಾಗಿದ್ದ ನಿಮಾಯ್ ಘೋಷ್ ಅವರ ಕೈಗೆ, ಟ್ಯಾಕ್ಸಿಯೊಂದರಲ್ಲಿ ಯಾರೋ ಮರೆತುಹೋಗಿದ್ದ ಕ್ಯಾನನ್ ಕಂಪನಿಯ ಕ್ಯಾನೊನೆಟ್ ಕ್ಯುಎಲ್ 17 ಕ್ಯಾಮೆರಾ ಗೆಳೆಯನೊಬ್ಬನ ಮೂಲಕ ಬಂತು. ಅದನ್ನು ಹಿಡಿದು ಅವರು 1968ರಲ್ಲಿ ಸತ್ಯಜಿತ್ ರಾಯ್ ಅವರ ‘ಗೂಪಿ ಗಾಯಿನ್ ಬಾಘಾ ಬಾಯಿನ್’ ಚಿತ್ರೀಕರಣದ ಜಾಗಕ್ಕೆ ಹೋಗಿ ಚಿತ್ರ ತೆಗೆದರು, ಆ ಚಿತ್ರಗಳನ್ನು ರಾಯ್ ಮೆಚ್ಚಿದರು, ಅಲ್ಲಿಂದ 1992ರಲ್ಲಿ ರಾಯ್ ತೀರಿಕೊಳ್ಳುವವರೆಗೆ ಅವರ ಬದುಕಿನ ಮತ್ತು ಕೆಲಸದ ಅಖಂಡ ಛಾಯಾದಾಖಲೆ ರೂಪುಗೊಂಡಿತು. 1965ರಲ್ಲಿ ಮಾರುಕಟ್ಟೆಗೆ ಬಂದ ಆ ಮಾದರಿ ಹೇರಳವಾಗಿ ತಯಾರಾದುದು, ಸಂಗ್ರಾಹಕರ ಲೆಕ್ಕದಲ್ಲಿ ಸಾಮಾನ್ಯವಾದುದು. 2020ರಲ್ಲಿ ತೀರಿಕೊಂಡ ಘೋಷ್ ಕೊನೆಯವರೆಗೂ ಫಿಲ್ಮಿಗೇ ನಿಷ್ಠರಾಗಿದ್ದರು. ಯಂತ್ರದ ಮಾರುಕಟ್ಟೆ ಬೆಲೆಗೂ ಅದರ ಚಾರಿತ್ರಿಕ ಮೌಲ್ಯಕ್ಕೂ ಯಾವ ನೇರ ಸಂಬಂಧವೂ ಇಲ್ಲವೆಂಬುದನ್ನು ಆ ಕ್ಯಾನೊನೆಟ್‌ಗಿಂತ ಚೆನ್ನಾಗಿ ತೋರುವ ಇನ್ನೊಂದು ಕ್ಯಾಮೆರಾ ಸಿಗಲಾರದು.

ಬೆಲೆ ತಿಳಿಯಲು ಮಾರಾಟಗಾರರು ಕೇಳುವ ಮೊತ್ತವನ್ನು ನಂಬದೆ, ಅದೇ ಮಾದರಿ ಮತ್ತು ಅದೇ ಸ್ಥಿತಿಯ ಕ್ಯಾಮೆರಾಗಳು ನಿಜವಾಗಿ ಮಾರಾಟವಾದ ಬೆಲೆಗಳನ್ನು ಹೋಲಿಸಿ ನೋಡಬೇಕು. ಕೋಲ್ಕತ್ತಾದ ಎಸ್ಪ್ಲನೇಡಿನಲ್ಲಿ 1935ರ ಮೆಟ್ರೊ ಸಿನಿಮಾ ಮಂದಿರದ ಮಗ್ಗುಲಿಗಿರುವ, ಜನ ‘ಮೆಟ್ರೊ ಗಲಿ’ ಎಂದು ಕರೆಯುವ ಓಣಿ ಕ್ಯಾಮೆರಾ ವ್ಯಾಪಾರಕ್ಕೆ ಹೆಸರಾದುದು. ಒಂದೇ ಕ್ಯಾಮೆರಾಕ್ಕೆ ಎರಡು ಮೂರು ಅಂಗಡಿಗಳಲ್ಲಿ ಅಭಿಪ್ರಾಯ ಕೇಳಲು ಅಂಥ ಜಾಗ ಅನುಕೂಲ. ಆದರೆ ಕೊಳ್ಳಲು ಬಯಸುವವನೇ ಬೆಲೆ ಕಟ್ಟುವವನೂ ಆದರೆ ಆ ಅಂಕಿಯನ್ನು ಕೊನೆಯ ಮಾತೆಂದು ತಿಳಿಯಬಾರದು. 1940ರಿಂದ ನಡೆಯುತ್ತಿರುವ ರಸೆಲ್ ಸ್ಟ್ರೀಟಿನ ರಸೆಲ್ ಎಕ್ಸ್‌ಚೇಂಜ್ ಹರಾಜುಮನೆ ಹಳೆಯ ಮನೆತನಗಳ ವಸ್ತುಗಳು ಕೈ ಬದಲಿಸುವ ಜಾಗವಾಗಿ ಪ್ರಸಿದ್ಧ. ಹರಾಜಿನಲ್ಲಿ ಬರುವ ಬೆಲೆ ಅಂದು ಅಲ್ಲಿ ಸೇರಿದವರ ಆಸಕ್ತಿಯನ್ನು ಅವಲಂಬಿಸಿರುವುದರಿಂದ ವಿಶೇಷ ಮಾದರಿಯ ಕ್ಯಾಮೆರಾವನ್ನು ಅದನ್ನು ಬಲ್ಲವರು ಸೇರುವೆಡೆಗೆ ಒಯ್ಯುವುದೇ ಲೇಸು. ನೂರು ವರ್ಷ ಮೀರಿದ ವಸ್ತುಗಳು 1972ರ ಪುರಾತನ ವಸ್ತುಗಳು ಹಾಗೂ ಕಲಾ ಸಂಪತ್ತುಗಳ ಅಧಿನಿಯಮದ ವ್ಯಾಪ್ತಿಗೆ ಬರಬಹುದಾದುದರಿಂದ, ಅಂಥ ಕ್ಯಾಮೆರಾವನ್ನು ವಿದೇಶಕ್ಕೆ ಕಳುಹಿಸುವ ಮುನ್ನ ಕಾನೂನು ಸಲಹೆ ಪಡೆಯುವುದು ಅವಶ್ಯ.

ತೇವ ಮತ್ತು ಬೂಷ್ಟು

ಗಂಗೆಯ ಮುಖಜ ಭೂಮಿಯ ಅಂಚಿನಲ್ಲಿರುವ ಕೋಲ್ಕತ್ತಾದಲ್ಲಿ ಮಳೆಗಾಲದ ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಹಿಡಿದಿಡಬಲ್ಲ ನೀರಾವಿಯಲ್ಲಿ ವಾಸ್ತವವಾಗಿ ಇರುವುದರ ಪಾಲು, ಶೇ. 80ನ್ನು ಮೀರುವುದು ಸಾಮಾನ್ಯ. ಅದು ಶೇ. 70 ದಾಟಿದಲ್ಲಿ ಕತ್ತಲೆಯೂ ನಿಶ್ಚಲ ಗಾಳಿಯೂ ಸೇರಿದರೆ ಮಸೂರದ ಮೇಲೆ ಬೂಷ್ಟು ಚಿಗುರುತ್ತದೆ. ಧೂಳು ಮತ್ತು ಬೆರಳಿನ ಜಿಡ್ಡನ್ನು ಉಂಡು ಜೇಡನ ಬಲೆಯಂತೆ ಹರಡುತ್ತದೆ. ಅದು ಸ್ರವಿಸುವ ಆಮ್ಲ ಮೊದಲು ಲೇಪನವನ್ನೂ ಕ್ರಮೇಣ ಗಾಜನ್ನೂ ಕೊರೆಯುತ್ತದೆ. ಬೂಷ್ಟನ್ನು ಒರೆಸಿ ತೆಗೆಯಬಹುದು, ಕೊರೆದ ಗಾಯವನ್ನು ಅಳಿಸಲಾಗದು. ಆದುದರಿಂದ ಬೇಗ ಕಂಡುಹಿಡಿಯುವುದೇ ಇದಕ್ಕೆ ಮದ್ದು. ಮಂಗಳೂರು, ಉಡುಪಿ, ಕಾಸರಗೋಡು ಮತ್ತು ಮಲೆನಾಡಿನ ಮನೆಗಳಲ್ಲಿರುವ ಕ್ಯಾಮೆರಾಗಳಿಗೂ ಈ ಮಾತು ಅಷ್ಟೇ ಸತ್ಯ.

ಪರೀಕ್ಷಿಸಲು ಮಸೂರದ ದ್ಯುತಿರಂಧ್ರವನ್ನು ಪೂರ್ತಿ ತೆರೆದು, ಶಟರನ್ನೂ ತೆರೆದಿಟ್ಟು, ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ ನೋಡಬೇಕು. ಕವಲೊಡೆದ ಎಳೆಗಳು ಬೂಷ್ಟಿನವು. ಇಬ್ಬನಿಯಂಥ ಮಸುಕು ಹಳೆಯ ಜಿಡ್ಡು ಆವಿಯಾಗಿ ಗಾಜಿನ ಮೇಲೆ ಕೂತದ್ದು. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣಗಳು ಕಂಡರೆ ಎರಡು ಗಾಜುಗಳನ್ನು ಕೂಡಿಸಿದ್ದ ಕೆನಡಾ ಬಾಲ್ಸಂ ಎಂಬ ಮರದ ಅಂಟು ಬಿಟ್ಟುಕೊಂಡಿದೆಯೆಂದು ಅರ್ಥ. ಮೊದಲ ಎರಡು ನುರಿತ ಕೈಗೆ ಸುಲಭಸಾಧ್ಯ, ಮೂರನೆಯದು ಕಷ್ಟಸಾಧ್ಯ. ಪೆಂಟಾಕ್ಸಿನ ಟಕುಮಾರ್ ಸರಣಿಯ ಕೆಲವು ಮಸೂರಗಳಲ್ಲಿ ಥೋರಿಯಂ ಬೆರೆತ ಗಾಜು ಕಾಲಕ್ರಮದಲ್ಲಿ ಹಳದಿಯಾಗುವುದುಂಟು. ಅದು ಬೂಷ್ಟಲ್ಲ, ನೇರಳಾತೀತ ಬೆಳಕಿಗೆ ಒಡ್ಡಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ಅಂದವಾದ ಚರ್ಮದ ಚೀಲದಲ್ಲಿ ಕ್ಯಾಮೆರಾವನ್ನು ಮುಚ್ಚಿಡುವುದು ಪ್ರೀತಿಯಿಂದ ಮಾಡುವ ಹಾನಿ, ಏಕೆಂದರೆ ಚರ್ಮ ತೇವವನ್ನು ಹೀರಿ ಹಿಡಿದಿಡುತ್ತದೆ. ಚೀಲವನ್ನು ಬೇರೆಯಾಗಿಟ್ಟು, ಕ್ಯಾಮೆರಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ಸಣ್ಣದೊಂದು ಆರ್ದ್ರತಾಮಾಪಕದೊಡನೆ ಇರಿಸಿ, ಒಳಗಿನ ಆರ್ದ್ರತೆಯನ್ನು ಶೇ. 40ರಿಂದ 50ರ ನಡುವೆ ಕಾಯ್ದುಕೊಳ್ಳಬೇಕು. ಅದಕ್ಕಿಂತ ತೀರಾ ಒಣಗಿದರೆ ಮಡಿಸುವ ಕ್ಯಾಮೆರಾಗಳ ಚರ್ಮದ ತಿದಿ ಬಿರಿಯುತ್ತದೆ. ಬಟ್ಟೆಗಳ ನಡುವೆ ಇಡುವ ನ್ಯಾಫ್ತಲೀನ್ ಗುಳಿಗೆಗಳನ್ನು ಕ್ಯಾಮೆರಾದ ಬಳಿ ಇಡಬಾರದು, ಏಕೆಂದರೆ ಅವುಗಳ ಆವಿ ಮಸೂರದ ಮೇಲೆ ಕೂರಬಹುದು. ಬೂಷ್ಟು ಹಿಡಿದ ಮಸೂರವನ್ನು ಇತರ ಮಸೂರಗಳಿಂದ ಬೇರೆಯಾಗಿಡುವುದು, ತಿಂಗಳಿಗೊಮ್ಮೆ ಎಲ್ಲವನ್ನೂ ಹೊರತೆಗೆದು ಬೆಳಕು ಗಾಳಿ ಕಾಣಿಸುವುದು, ಹಣ ಬೇಡದ ಅತ್ಯುತ್ತಮ ಆರೈಕೆ.

ಶಟರ್, ಬ್ಯಾಟರಿ ಮತ್ತು ಬೆಳಕಿನ ಸೋರಿಕೆ

ದಶಕಗಳಿಂದ ನಿಂತಿದ್ದ ಯಂತ್ರವನ್ನು ಬಲವಂತವಾಗಿ ತಿರುಗಿಸುವುದು ಅಪಾಯಕರ. ಮಸೂರದೊಳಗೆ ಲೋಹದ ಎಲೆಗಳು ತೆರೆದು ಮುಚ್ಚುವ ಶಟರುಗಳಲ್ಲಿ, ಮುಖ್ಯವಾಗಿ ಜರ್ಮನಿಯ ಹಳೆಯ ಕಾಂಪರ್ ರಾಪಿಡ್ ಶಟರುಗಳಲ್ಲಿ, ಅತಿ ಹೆಚ್ಚಿನ ವೇಗವನ್ನು ಶಟರಿಗೆ ಕೀಲಿ ಕೊಡುವ ಮೊದಲೇ ಆರಿಸಬೇಕು. ಬಟ್ಟೆಯ ಪರದೆ ಅಡ್ಡಹಾಯುವ ಫೆಡ್, ಜೋರ್ಕಿಗಳಲ್ಲಿ ಇದಕ್ಕೆ ವಿರುದ್ಧವಾಗಿ ಕೀಲಿ ಕೊಟ್ಟ ಮೇಲೆಯೇ ವೇಗ ಬದಲಿಸಬೇಕು. ಈ ಭೇದ ತಿಳಿಯದೆ ಮುರಿದ ಶಟರುಗಳು ಅಸಂಖ್ಯ. ತಾನಾಗಿ ಕ್ಲಿಕ್ಕಿಸುವ ಸೆಲ್ಫ್ ಟೈಮರ್ ಸನ್ನೆಯನ್ನು ಮುಟ್ಟದಿರುವುದು ವಿವೇಕ, ಏಕೆಂದರೆ ಹಳೆಯ ಜಿಡ್ಡು ಗಟ್ಟಿಯಾಗಿ ಅದು ನಡುವೆ ಸಿಕ್ಕಿಕೊಂಡರೆ ಇಡೀ ಶಟರೇ ಸ್ತಬ್ಧವಾಗುತ್ತದೆ. ಒಂದು ಸೆಕೆಂಡಿನ ವೇಗ ಎರಡು ಮೂರು ಸೆಕೆಂಡು ಎಳೆದರೆ ಅದೂ ಜಿಡ್ಡಿನದೇ ಲಕ್ಷಣ. ಇದಕ್ಕೆ ಪರಿಹಾರ ಬಿಚ್ಚಿ ತೊಳೆದು, ಹದವಾಗಿ ಎಣ್ಣೆಯಿಟ್ಟು, ವೇಗವನ್ನು ಮರುಹೊಂದಿಸುವುದೇ ಹೊರತು ತುಕ್ಕು ಬಿಡಿಸುವ ದ್ರವವನ್ನು ಹೊರಗಿನಿಂದ ಚಿಮುಕಿಸುವುದಲ್ಲ, ಏಕೆಂದರೆ ಆ ದ್ರವ ಎಲೆಗಳಿಗೂ ಮಸೂರಕ್ಕೂ ಹರಡಿ ಹೊಸ ರೋಗವನ್ನೇ ತರುತ್ತದೆ.

1960 ಮತ್ತು 1970ರ ದಶಕಗಳ ಅನೇಕ ಜಪಾನಿ ಕ್ಯಾಮೆರಾಗಳ ಬೆಳಕುಮಾಪಕಗಳು, ಮೇಲೆ ಹೇಳಿದ ಕ್ಯಾನೊನೆಟ್ ಸಹಿತ, 1.35 ವೋಲ್ಟಿನ ಪಾದರಸದ ಬ್ಯಾಟರಿಯನ್ನು ನಂಬಿ ರೂಪುಗೊಂಡವು. ಪಾದರಸದ ವಿಷದ ಕಾರಣ ಆ ಬ್ಯಾಟರಿಗಳು ಈಗ ಇಲ್ಲ, 1.5 ವೋಲ್ಟಿನ ಸಾಮಾನ್ಯ ಬ್ಯಾಟರಿ ಹಾಕಿದರೆ ಮಾಪಕ ತಪ್ಪು ಹೇಳುತ್ತದೆ. ಶ್ರವಣಸಾಧನಕ್ಕೆ ಬಳಸುವ 1.4 ವೋಲ್ಟಿನ ಝಿಂಕ್ ಏರ್ ಬ್ಯಾಟರಿಯನ್ನು ಅಡಾಪ್ಟರಿನೊಡನೆ ಹಾಕುವುದು, ಅಥವಾ ದುರಸ್ತಿಗಾರರಿಂದ ವಿದ್ಯುನ್ಮಂಡಲವನ್ನು ಮರುಹೊಂದಿಸಿಕೊಳ್ಳುವುದು ಎರಡು ದಾರಿಗಳು. ಹಿಂಬಾಗಿಲಿನ ಅಂಚಿನಲ್ಲಿ ಬೆಳಕು ನುಸುಳದಂತೆ ಇಟ್ಟ ಸ್ಪಂಜು ಇಂಥ ಕ್ಯಾಮೆರಾಗಳಲ್ಲಿ ಕರಗಿ ಅಂಟಾಗಿರುತ್ತದೆ. ಅದನ್ನು ಬದಲಿಸುವುದು ಅಗ್ಗದ, ಆದರೆ ಚಿತ್ರದ ಗುಣಕ್ಕೆ ಅತ್ಯಗತ್ಯವಾದ ಕೆಲಸ. ತಿದಿಯಿರುವ ಕ್ಯಾಮೆರಾವಾದರೆ ಕತ್ತಲೆಯ ಕೋಣೆಯಲ್ಲಿ ಒಳಗೆ ದೀಪವಿಟ್ಟು ಮಡಿಕೆಗಳ ಮೂಲೆಗಳಲ್ಲಿ ರಂಧ್ರಗಳಿವೆಯೇ ಎಂದು ನೋಡಬೇಕು.

ಎಷ್ಟು ದುರಸ್ತಿ ಸಾಕು

ಉದ್ದೇಶವೇ ದುರಸ್ತಿಯ ಮಿತಿಯನ್ನು ಗೊತ್ತುಮಾಡಬೇಕು. ಬಳಸಲು ಬಯಸುವವರು ಶಟರ್, ಮಸೂರ, ದೂರಮಾಪಕಗಳನ್ನು ಸರಿಪಡಿಸಿಕೊಂಡರೆ ಸಾಕು, ಹೊರಮೈಯ ಸವೆತ ಅಡ್ಡಿಯಾಗದು. ಮಾರಲು ಬಯಸುವವರು ಅಪರೂಪದ ಕ್ಯಾಮೆರಾವನ್ನು ಸಿಕ್ಕ ಸ್ಥಿತಿಯಲ್ಲೇ ತೋರಿಸುವುದು ಮೇಲು, ಏಕೆಂದರೆ ಕಪ್ಪು ಬಣ್ಣ ಸವೆದು ಹಿತ್ತಾಳೆ ಇಣುಕುವ ಅಂಚನ್ನು ಸಂಗ್ರಾಹಕರು ದೋಷವೆಂದು ಎಣಿಸುವುದಿಲ್ಲ, ಮೂಲರೂಪದ ಪುರಾವೆಯೆಂದು ಎಣಿಸುತ್ತಾರೆ. ಸ್ಮಾರಕವಾಗಿ ಉಳಿಸಿಕೊಳ್ಳುವವರಿಗೆ ಧೂಳು ತೆಗೆದು, ಬೂಷ್ಟು ತಡೆದು, ಬ್ಯಾಟರಿಯನ್ನು ಹೊರತೆಗೆದಿಡುವುದಷ್ಟೇ ಕರ್ತವ್ಯ. ಮೂರರಲ್ಲಿಯೂ ಅನ್ವಯಿಸುವ ನಿಯಮವೆಂದರೆ ಮರಳಿ ಬಿಡಿಸಲಾಗದ ಯಾವ ಕೆಲಸವನ್ನೂ ಆತುರದಿಂದ ಮಾಡಬಾರದು.

ದುರಸ್ತಿಗಾರರನ್ನು ಆರಿಸುವಾಗ ಅವರು ಆ ಜಾತಿಯ ಶಟರನ್ನು ಹಿಂದೆ ಬಿಚ್ಚಿದ್ದಾರೆಯೇ ಎಂದು ಕೇಳಬೇಕು. ಅಂದಾಜು ವೆಚ್ಚವನ್ನೂ ಮಾಡಲಿರುವ ಕೆಲಸವನ್ನೂ ಬರೆಸಿಕೊಳ್ಳಬೇಕು. ಬದಲಿಸಿದ ಹಳೆಯ ಭಾಗಗಳನ್ನು ಮರಳಿ ಪಡೆದು ಕ್ಯಾಮೆರಾದೊಡನೆ ಇಡಬೇಕು. ಕೊನೆಗೆ ಒಂದು ಸುರುಳಿ ಫಿಲ್ಮನ್ನು ಎಲ್ಲ ವೇಗಗಳಲ್ಲೂ ಬಳಸಿ ಪರೀಕ್ಷಿಸಬೇಕು. ಹೊಸ ಬಿಡಿಭಾಗಗಳು ತಯಾರಾಗದಿರುವುದರಿಂದ ದುರಸ್ತಿಗಾರರು ಸತ್ತ ಕ್ಯಾಮೆರಾಗಳಿಂದ ಜೀವಂತ ಭಾಗಗಳನ್ನು ತೆಗೆದು ಜೋಡಿಸುತ್ತಾರೆ. ಕೆಟ್ಟುಹೋದ ಅಗ್ಗದ ಕ್ಯಾಮೆರಾವನ್ನು ಗುಜರಿಗೆ ಹಾಕದೆ ಅವರಿಗೆ ಒಪ್ಪಿಸಿದರೆ ಅದು ಇನ್ನೊಂದು ಮನೆಯ ನೆನಪನ್ನು ನಡೆಸುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಲಾಗದವರು ಸಂಗ್ರಹಾಲಯಗಳನ್ನು ಸಂಪರ್ಕಿಸಬಹುದು. ಛಾಯಾಗ್ರಾಹಕ ಕುಲವಂತ್ ರಾಯ್ ಅವರ ನೆಗೆಟಿವ್‌ಗಳ ಪೆಟ್ಟಿಗೆಗಳನ್ನು ಉತ್ತರಾಧಿಕಾರವಾಗಿ ಪಡೆದು ವರ್ಷಗಟ್ಟಲೆ ಸಂರಕ್ಷಿಸಿದ ಆದಿತ್ಯ ಆರ್ಯ, ಗುರುಗ್ರಾಮದಲ್ಲಿ 2019ರಲ್ಲಿ ತೆರೆದ ಮ್ಯೂಸಿಯೊ ಕ್ಯಾಮೆರಾ ಸಂಗ್ರಹಾಲಯದ ಹಿಂದಿನ ಶಕ್ತಿಯಾದರು. ಒಂದು ಉತ್ತರಾಧಿಕಾರವನ್ನು ಗಂಭೀರವಾಗಿ ಸ್ವೀಕರಿಸಿದರೆ ಅದು ಸಾರ್ವಜನಿಕ ಸಂಪತ್ತಾಗಬಲ್ಲದೆಂಬುದಕ್ಕೆ ಇದು ಪ್ರಮಾಣ.

ಇದೆಲ್ಲದರಲ್ಲಿ ಅತ್ಯಂತ ದುರ್ಬಲವಾದ ಕೊಂಡಿ ಯಂತ್ರವಲ್ಲ, ಅದನ್ನು ದುರಸ್ತಿ ಮಾಡಬಲ್ಲ ಮನುಷ್ಯ. ಹಿತ್ತಾಳೆ ಮತ್ತು ಗಾಜು ಶತಮಾನ ಬಾಳಬಲ್ಲವು, ಆದರೆ ಶಟರಿನ ಸದ್ದನ್ನು ಕೇಳಿಯೇ ಎಲ್ಲಿ ಜಿಡ್ಡು ಕಟ್ಟಿದೆಯೆಂದು ಹೇಳುವ ಕಿವಿ ಕಲಿಯಲು ಬರುವ ಎಳೆಯರಿಲ್ಲದಿದ್ದರೆ ಒಂದೇ ತಲೆಮಾರಿನಲ್ಲಿ ಇಲ್ಲವಾಗುತ್ತದೆ. ಮನೆಯ ಕ್ಯಾಮೆರಾವನ್ನು ಅಂಥವರ ಬಳಿಗೆ ಒಯ್ದು, ಅವರ ಶ್ರಮಕ್ಕೆ ತಕ್ಕ ಸಂಭಾವನೆ ಕೊಟ್ಟು, ಅವರು ಮಾಡಿದ ಕೆಲಸವನ್ನು ಮತ್ತು ಅವರ ಹೆಸರನ್ನು ಕ್ಯಾಮೆರಾದ ದಾಖಲೆಯಲ್ಲಿ ಬರೆದಿಡುವ ಕುಟುಂಬ ಆ ವಿದ್ಯೆಗೂ ಆಸರೆ ನೀಡುತ್ತದೆ. ಮುಂದಿನ ವಾರಸುದಾರನಿಗೆ ಕ್ಯಾಮೆರಾದೊಡನೆ ಒಂದು ಪುಟದ ಟಿಪ್ಪಣಿಯನ್ನೂ ಹಸ್ತಾಂತರಿಸುವುದು ಪ್ರತಿಯೊಬ್ಬ ಒಡೆಯನ ಹೊಣೆ: ಇದು ಯಾರದು, ಯಾವಾಗ ಬಂತು, ಏನು ಕೆಟ್ಟಿತ್ತು, ಯಾರು ಸರಿಪಡಿಸಿದರು, ಯಾವ ಫಿಲ್ಮ್ ಹಿಡಿಯುತ್ತದೆ. ಇಷ್ಟು ಬರೆದಿಟ್ಟ ಕ್ಯಾಮೆರಾ ಹರಾಜಿಗೆ ಹೋದರೂ, ಸಂಗ್ರಹಾಲಯ ಸೇರಿದರೂ, ಮೊಮ್ಮಗಳ ಕೈಯಲ್ಲಿ ಮತ್ತೆ ಚಿತ್ರ ತೆಗೆದರೂ ತನ್ನ ಬೆಲೆಯನ್ನು ತಾನೇ ಹೇಳಿಕೊಳ್ಳಬಲ್ಲದು.